ಸರ್ಟಿಫಿಕೇಟ್ ಗೋಡೆ ಮೇಲಿದೆ, ಹೆರಿಗೆ ಆಂಬುಲೆನ್ಸ್‌ನಲ್ಲಿ ಆಗುತ್ತಿದೆ

ಪ್ರಶ್ನೆ: ಅಕ್ಕಾ, ನಾನು ಕುಷ್ಟಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲೂ ಇದ್ದೇನೆ. ಇಲ್ಲಿನ ಸಿಸ್ಟರ್‌ಗಳಿಗೆ ಹೆರಿಗೆ ತರಬೇತಿ ಆಗಿದೆ, ಸರ್ಟಿಫಿಕೇಟ್ ಗೋಡೆಗೆ ಹಾಕಿದ್ದಾರೆ. ಆದರೂ ಬ್ಯಾನಿ (ಹೆರಿಗೆ ನೋವು) ಬಂದವರನ್ನೆಲ್ಲ 108ಕ್ಕೆ ಹತ್ತಿಸಿ ಕಳಿಸಿಬಿಡುತ್ತಾರೆ. ಹೋದ ತಿಂಗಳು ನಮ್ಮ ತಮ್ಮನ ಹೆಂಡತಿಗೆ ದಾರಿಯಲ್ಲೇ ಹೆರಿಗೆ ಆಯಿತು. ತಾಯಿ, ಮಗು ಉಳಿದದ್ದೇ ಪುಣ್ಯ. ಊರ ಹಿರಿಯರು ‘ಇದಕ್ಕಿಂತ ನಮ್ಮ ಸೂಲಗಿತ್ತಿನೇ ವಾಸಿ ಇದ್ದಳು’ ಅನ್ನುತ್ತಾರೆ. ಇನ್ನೊಮ್ಮೆ ತರಬೇತಿ ಕೊಡಿಸಿ ಅಂತ ಮೇಲಿನವರಿಗೆ ಅರ್ಜಿ ಬರೆಯಬೇಕು ಅಂದುಕೊಂಡಿದ್ದೇನೆ. ಸಮಿತಿಯಲ್ಲಿ ಇನ್ನೇನು ಕೇಳಬೇಕು, ಹೇಳಿ.

ಉತ್ತರ: ಆ ಅರ್ಜಿ ಬರೆಯಬೇಡಿ ತಂಗಿ. ಬರೆದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಇಬ್ಬರು ಸಿಸ್ಟರ್‌ಗಳನ್ನು ಮತ್ತೆ ಜಿಲ್ಲಾ ಕೇಂದ್ರಕ್ಕೆ ಕರೆಸುತ್ತಾರೆ. ಮೂರು ದಿನ ಹಾಲ್‌ನಲ್ಲಿ ಕೂರಿಸಿ ಪರದೆ ಮೇಲೆ ಚಿತ್ರ ತೋರಿಸುತ್ತಾರೆ. ಮಧ್ಯಾಹ್ನ ಊಟ, ಕೊನೆಗೆ ಒಂದು ಫೋಟೊ. ಗೋಡೆ ಮೇಲೆ ಇನ್ನೊಂದು ಸರ್ಟಿಫಿಕೇಟ್ ಬರುತ್ತದೆ, ಆಂಬುಲೆನ್ಸ್ ಓಡುತ್ತಲೇ ಇರುತ್ತದೆ. ನಾನು ಹೆರಿಗೆ ಕೋಣೆಯಲ್ಲಿ ಸ್ಟಾಫ್ ನರ್ಸ್ ಆಗಿ, ಆಮೇಲೆ ನರ್ಸಿಂಗ್ ಟ್ಯೂಟರ್ ಆಗಿ ಮೂವತ್ತು ವರ್ಷ ಕಳೆದವಳು. ಅಂಥ ಹಾಲ್‌ಗಳಲ್ಲಿ ಪಾಠ ಮಾಡಿದವರಲ್ಲಿ ನಾನೂ ಒಬ್ಬಳು. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನಿಮ್ಮ ಸಿಸ್ಟರ್‌ಗಳಿಗೆ ಆಗಿರುವುದು ಬಹುಶಃ ಹೆರಿಗೆ ಮಾಡಿಸುವುದನ್ನು ಕಲಿಸುವ 21 ದಿನದ ಎಸ್‌ಬಿಎ ತರಬೇತಿ. ಕಾಗದದ ಮೇಲೆ ಒಳ್ಳೆಯ ತರಬೇತಿಯೇ. ಆದರೆ ಅದು ನಡೆಯುವುದು ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿ ಒಂದು ಹೆರಿಗೆ ಟೇಬಲ್ ಸುತ್ತ ಮೆಡಿಕಲ್ ಹುಡುಗರು, ನರ್ಸಿಂಗ್ ಹುಡುಗಿಯರು, ಹೌಸ್ ಸರ್ಜನ್‌ಗಳು ಎಲ್ಲ ಮುತ್ತಿಕೊಂಡಿರುತ್ತಾರೆ. ಹಳ್ಳಿಯಿಂದ ಬಂದ ಸಿಸ್ಟರ್ ಹಿಂದೆ ನಿಂತು ಇಣುಕಿ ನೋಡುತ್ತಾಳೆ. ಕಾಲುವೆ ದಂಡೆ ಮೇಲೆ ನಿಂತು ಈಜು ಕಲಿತ ಹಾಗೆ. ವಾಪಸ್ ಬಂದರೆ ಊರಲ್ಲಿ ತಿಂಗಳಿಗೆ ಮೂರೋ ನಾಲ್ಕೋ ಹೆರಿಗೆ, ಅದನ್ನು ಮೂವರು ಸಿಸ್ಟರ್‌ಗಳು ಹಂಚಿಕೊಳ್ಳಬೇಕು. ಆರು ತಿಂಗಳಲ್ಲಿ ಕೈ ಮರೆಯುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಕಳಿಸುವುದು ಸೋಮಾರಿತನಕ್ಕಲ್ಲ, ಹೆದರಿಕೆಗೆ. ರಾತ್ರಿ ಎರಡು ಗಂಟೆಗೆ ಅವಳು ಮತ್ತು ಒಬ್ಬ ಆಯಾ, ಅಷ್ಟೇ ಇರುತ್ತಾರೆ. ಡಾಕ್ಟರ್ ಊರಲ್ಲಿಲ್ಲ. ಏನಾದರೂ ಹೆಚ್ಚುಕಮ್ಮಿ ಆದರೆ ಅಂಗಳದಲ್ಲಿ ಐವತ್ತು ಜನ ಸೇರುತ್ತಾರೆ, ಮರುದಿನ ಮೇಲಿನಿಂದ ನೋಟಿಸ್ ಬರುತ್ತದೆ. ಕಳಿಸಿಬಿಟ್ಟರೆ ದಾರಿಯಲ್ಲಿ ಏನಾದರೂ ಅದು ಅವಳ ತಲೆಗೆ ಬರುವುದಿಲ್ಲ. ನೀವೇ ಅವಳ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಆ ಹೆದರಿಕೆ ಹೋಗಬೇಕಾದರೆ ಪಕ್ಕದಲ್ಲಿ ಬಲ್ಲವರೊಬ್ಬರು ನಿಂತಿರಬೇಕು. ಹಾಲ್‌ನಲ್ಲಿ ಹೇಳುವ ಪಾಠಕ್ಕೆ ಅದು ಹೋಗುವುದಿಲ್ಲ.

ಪಕ್ಕದಲ್ಲಿ ನಿಲ್ಲುವ ಕೆಲಸವನ್ನು ನಮ್ಮ ಸೀಮೆಯಲ್ಲೇ ಮಾಡಿ ನೋಡಿದ್ದಾರೆ. ‘ಸುಕ್ಷೇಮ’ ಅಂತ ಒಂದು ಯೋಜನೆ ಇತ್ತು. ಕೊಪ್ಪಳ, ರಾಯಚೂರು, ಬಳ್ಳಾರಿ ಸೇರಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆಯಿತು. ಅದರಲ್ಲಿ ಬಳ್ಳಾರಿ, ಕಲಬುರ್ಗಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಎರಡು ಪಾಲು ಮಾಡಿದರು. 54 ಕೇಂದ್ರಗಳಿಗೆ ಅನುಭವ ಇರುವ ನರ್ಸ್‌ಗಳನ್ನೇ ಮೆಂಟರ್ ಮಾಡಿ ಕಳಿಸಿದರು. ಮೆಂಟರ್ ಬಂದು ಭಾಷಣ ಮಾಡುವುದಿಲ್ಲ. ಹೆರಿಗೆ ಕೋಣೆಯಲ್ಲೇ ಇರುತ್ತಾಳೆ, ಹೆರಿಗೆ ಬಂದರೆ ಜೊತೆಗೆ ನಿಲ್ಲುತ್ತಾಳೆ, ಬರದಿದ್ದರೆ ಗೊಂಬೆ ಇಟ್ಟು ಕೈ ತಿದ್ದುತ್ತಾಳೆ, ಕೇಸ್ ಶೀಟ್ ಜೊತೆಗೆ ಕೂತು ಓದುತ್ತಾಳೆ, ಔಷಧಿ ಕಪಾಟು ತೆಗೆದು ನೋಡುತ್ತಾಳೆ. ಮೆಂಟರ್ ಹೋದ ಕೇಂದ್ರಗಳ ಸಿದ್ಧತೆ, ಸಿಸ್ಟರ್‌ಗಳ ತಯಾರಿ ಉಳಿದ ಕೇಂದ್ರಗಳಿಗಿಂತ ಮೇಲಿತ್ತು.

ಆದರೆ ಇದೊಂದೇ ಮಂತ್ರ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಉತ್ತರ ಪ್ರದೇಶದಲ್ಲಿ 120 ಆಸ್ಪತ್ರೆಗಳಲ್ಲಿ ಇಂಥದ್ದೇ ಒಂದು ದೊಡ್ಡ ಪ್ರಯೋಗ ಆಯಿತು. ಹೆರಿಗೆ ವೇಳೆ ಮಾಡಬೇಕಾದ ಕೆಲಸಗಳ ಪಟ್ಟಿ ಒಂದು, ಜೊತೆಗೆ ಎಂಟು ತಿಂಗಳು ಕೋಚ್‌ಗಳ ಭೇಟಿ. 2017ರಲ್ಲಿ ಫಲಿತಾಂಶ ಬಂತು. ಸಿಸ್ಟರ್‌ಗಳ ಕೆಲಸ ಸುಧಾರಿಸಿತ್ತು, ಸಾವು ಮಾತ್ರ ಕಡಿಮೆಯಾಗಿರಲಿಲ್ಲ. ಕೋಚ್ ಬರುವುದು ನಿಂತ ಮೇಲೆ ಕೆಲಸವೂ ನಿಧಾನಕ್ಕೆ ಹಳೆ ದಾರಿ ಹಿಡಿಯಿತು. ನಾನು ಅದರಿಂದ ಕಲಿತದ್ದು ಇಷ್ಟು: ಕೈ ಪಳಗಬೇಕು, ಕೈಗೆ ಬೇಕಾದ ಸಾಮಾನು ಅಲ್ಲೇ ಇರಬೇಕು, ಫೋನ್ ಮಾಡಿದರೆ ಎತ್ತುವವರು ಆ ಕಡೆ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ವ್ಯರ್ಥ.

ಸಾಮಾನಿನ ವಿಷಯ ಒಂದು ಕಥೆ ಹೇಳಿಯೇ ಹೇಳುತ್ತೇನೆ. ರಾಯಚೂರು ಕಡೆಯ ಒಂದು ಆಸ್ಪತ್ರೆ, ಹೆಸರು ಬೇಡ. ಮೇ ತಿಂಗಳು. ಆ ಸೀಮೆಯ ಮೇ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಹೆರಿಗೆ ಚೆನ್ನಾಗೇ ಆಯಿತು, ಮಾಸು ಬಿತ್ತು, ಆಮೇಲೆ ರಕ್ತ ನಿಲ್ಲಲಿಲ್ಲ. ಸಿಸ್ಟರ್ ಸರಿಯಾಗೇ ಮಾಡಿದ್ದಳು. ಮಗು ಹುಟ್ಟಿದ ಒಂದು ನಿಮಿಷದೊಳಗೆ, ಗರ್ಭಕೋಶ ಬಿಗಿ ಮಾಡಿ ರಕ್ತ ತಡೆಯುವ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಚುಚ್ಚಿದ್ದಳು. ಗರ್ಭಕೋಶ ಬಿಗಿಯಾಗಲೇ ಇಲ್ಲ, ಹಿಟ್ಟಿನ ಮುದ್ದೆ ಹಾಗೆ ಮೆತ್ತಗೆ. ಇನ್ನೊಂದು ಚುಚ್ಚಿದರು, ಏನೂ ಆಗಲಿಲ್ಲ. ನಾನು ಓಡಿಹೋಗಿ ನೋಡಿದರೆ ಆಂಪೂಲ್‌ಗಳ ಡಬ್ಬಿ ಕಿಟಕಿ ಪಕ್ಕದ ಕಬ್ಬಿಣದ ಕಪಾಟಿನಲ್ಲಿತ್ತು. ಡಬ್ಬಿ ಕೈಗೆ ಬೆಚ್ಚಗೆ ಹತ್ತಿತು. ಆಕ್ಸಿಟೋಸಿನ್ ಇಡಬೇಕಾದ್ದು 2ರಿಂದ 8 ಡಿಗ್ರಿ ತಂಪಿನಲ್ಲಿ. ಫ್ರಿಜ್ ಎಲ್ಲಿ ಅಂದರೆ, ಲಸಿಕೆ ಫ್ರಿಜ್ ಬೇರೆಯವರ ಸುಪರ್ದಿ, ಬೀಗ ಅವರ ಹತ್ತಿರ. ಹೊಟ್ಟೆ ಮೇಲಿಂದ ಗರ್ಭಕೋಶ ಉಜ್ಜುತ್ತ, ಒಳಗೊಂದು ಕೈ ಹೊರಗೊಂದು ಕೈ ಇಟ್ಟು ಒತ್ತುತ್ತ ದೊಡ್ಡ ಆಸ್ಪತ್ರೆವರೆಗೆ ಕರೆದುಕೊಂಡು ಹೋದೆವು. ಅವಳು ಉಳಿದಳು. ನನ್ನ ತೋಳು ಎರಡು ದಿನ ಎತ್ತಲು ಬರಲಿಲ್ಲ. ಇದರಲ್ಲಿ ತರಬೇತಿಯ ಕೊರತೆ ಎಲ್ಲಿತ್ತು ಹೇಳಿ? ಒಂದು ಬೀಗದ ಕೈ ತರಬೇತಿಯನ್ನೆಲ್ಲ ನೀರಲ್ಲಿ ಹಾಕಿತ್ತು.

ಹೆರಿಗೆ ನಂತರದ ರಕ್ತಸ್ರಾವದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಬಾಣಂತಿಯರನ್ನು ತಾಸುಗಳ ಲೆಕ್ಕದಲ್ಲಿ ಕೊಂಡೊಯ್ಯುವುದು ಇದೇ. ಅರ್ಧ ಲೀಟರ್ ದಾಟಿದರೆ ಜಾಸ್ತಿ ಅಂತ ಪುಸ್ತಕ ಹೇಳುತ್ತದೆ. ಅರ್ಧ ಲೀಟರ್ ಅಂತ ಗೊತ್ತಾಗುವುದು ಹೇಗೆ? ಸೀರೆಗೆ ಹೀರಿರುತ್ತದೆ, ನೆಲಕ್ಕೆ ಇಳಿದಿರುತ್ತದೆ. ಕಣ್ಣಳತೆ ಯಾವಾಗಲೂ ಕಡಿಮೆಯೇ ಹೇಳುತ್ತದೆ. ಇದಕ್ಕೊಂದು ಸುಲಭ ಉಪಾಯ ನಮ್ಮ ಬೆಳಗಾವಿಯಲ್ಲೇ ಬಂತು. ಅಲ್ಲಿನ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯರು, ಅಂದರೆ ಎಎನ್‌ಎಂಗಳು ಮಾಡಿಸುವ ಹೆರಿಗೆಗಳಲ್ಲಿ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟು ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 1,620 ಹೆಂಗಸರು ಅದರಲ್ಲಿದ್ದರು. ಮಾತ್ರೆ ತೆಗೆದುಕೊಂಡವರಲ್ಲಿ ಅತಿ ರಕ್ತಸ್ರಾವ ಆದವರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆ ಅಧ್ಯಯನಕ್ಕಾಗಿ ರಕ್ತ ಅಳೆಯಲು ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡಿದ್ದರು. ಸೊಂಟದ ಕೆಳಗೆ ಹಾಸುವುದು, ತುದಿಯಲ್ಲಿ ಚೀಲ, ಚೀಲದ ಮೇಲೆ ಅಳತೆ ಗೆರೆ. ಆಮೇಲೆ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಇಂಥ ಅಳತೆ ಚೀಲ ಹಾಸಿ, ರಕ್ತ ಜಾಸ್ತಿ ಕಂಡ ಕೂಡಲೇ ಮಸಾಜ್, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್ (ರಕ್ತ ಹೆಪ್ಪು ಕರಗದಂತೆ ತಡೆಯುವ ಔಷಧಿ), ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದರ ಹಿಂದೆ ಒಂದು ಕಾಯದೆ ಒಟ್ಟಿಗೇ ಮಾಡಿದರು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಭಾರೀ ರಕ್ತಸ್ರಾವ, ಅದಕ್ಕಾಗಿ ಆಪರೇಷನ್ ಮತ್ತು ಸಾವು, ಇವು ಒಟ್ಟಾರೆ ಶೇ 60ರಷ್ಟು ಕಡಿಮೆಯಾದವು. ಬೆಳಗಾವಿಯ ಚೀಲ ಕುಷ್ಟಗಿಗೆ ಬರುವ ಮುಂಚೆ ಆಫ್ರಿಕಾ ಸುತ್ತಿ ಬಂತಲ್ಲ ಅಂತ ನನಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು, ಯಾವಾಗ? ಅದಕ್ಕೆಂದೇ ಒಂದು ಕಾಗದ ಇದೆ, ಹೆರಿಗೆ ಎಷ್ಟು ಮುಂದೆ ಹೋಯಿತು ಅಂತ ತಾಸು ತಾಸಿಗೆ ಗುರುತು ಹಾಕುವ ಪಾರ್ಟೋಗ್ರಾಫ್. 1972ರಲ್ಲಿ ಫಿಲ್‌ಪಾಟ್ ಅನ್ನುವ ಡಾಕ್ಟರ್ ಈಗಿನ ಜಿಂಬಾಬ್ವೆಯಲ್ಲಿ ಅದಕ್ಕೆ ಎರಡು ಗೆರೆ ಸೇರಿಸಿದರು. ಕಾರಣ ನಿಮ್ಮದೇ ಸಮಸ್ಯೆ. ದೂರದ ಕ್ಲಿನಿಕ್‌ಗಳಲ್ಲಿ ಒಬ್ಬಳೇ ಇದ್ದು ಹೆರಿಗೆ ಮಾಡಿಸುವ ಮಿಡ್‌ವೈಫ್‌ಗೆ ಯಾವಾಗ ಗಾಡಿ ಕರೆಯಬೇಕು ಅಂತ ಗೊತ್ತಾಗಬೇಕಿತ್ತು. ನಮ್ಮಲ್ಲಿ ಬಳಸುವ ಸರಳ ನಮೂನೆಯಲ್ಲಿ ಗರ್ಭದ ಬಾಯಿ 4 ಸೆಂಟಿಮೀಟರ್ ತೆರೆದಾಗಿಂದ ಗುರುತು ಹಾಕಲು ಶುರು. ತಾಸಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಮೊದಲ ಗೆರೆ ಏರುತ್ತದೆ. ನಿಮ್ಮ ಗುರುತು ಆ ಗೆರೆಯ ಬಲಕ್ಕೆ ಜಾರಿತೋ, ಚಿಕ್ಕ ಕೇಂದ್ರದವರು ಗಾಡಿ ಕರೆಯಬೇಕು. ಎರಡನೇ ಗೆರೆ ನಾಲ್ಕು ತಾಸು ಆಚೆ, ಅಷ್ಟರೊಳಗೆ ಆಕೆ ಆಪರೇಷನ್ ಸೌಲಭ್ಯ ಇರುವ ಕಡೆ ಇರಬೇಕು. ಮೊದಲ ಗೆರೆ ದಾಟದಿದ್ದರೆ, ಬಿಪಿ, ಮಗುವಿನ ಎದೆಬಡಿತ ಸರಿ ಇದ್ದರೆ, ಅವಳು ನಿಮ್ಮೂರಲ್ಲೇ ಹೆರಬಹುದು.

ಆದರೆ ಆ ಕಾಗದದ ಗತಿ ಏನಾಗಿದೆ ನೋಡಿ. ನಾನು ಪರಿಶೀಲನೆಗೆ ಹೋದಾಗ ಕೇಸ್ ಶೀಟ್ ತೆಗೆದು ಮೊದಲು ಪೆನ್ನಿನ ಬಣ್ಣ ನೋಡುತ್ತಿದ್ದೆ. ಎಂಟು ತಾಸಿನ ಗುರುತುಗಳು ಒಂದೇ ಪೆನ್ನು, ಒಂದೇ ಒತ್ತು. ಮಗುವಿನ ಎದೆಬಡಿತ ಅರ್ಧರ್ಧ ತಾಸಿಗೆ 140, 140, 140. ದೇವರ ಗಡಿಯಾರವೂ ಅಷ್ಟು ಕರೆಕ್ಟಾಗಿ ನಡೆಯುವುದಿಲ್ಲ. ಹೆರಿಗೆ ಆದಮೇಲೆ ಚಹಾ ಕುಡಿಯುತ್ತ ಕೂತು ತುಂಬಿದ ಹಾಳೆ ಅದು. ಬೈದರೆ ಪ್ರಯೋಜನ ಇಲ್ಲ. ‘ಈ ಹಾಳೆ ಯಾರಿಗೆ?’ ಅಂತ ಕೇಳಿದರೆ ‘ಫೈಲ್‌ಗೆ ಮೇಡಂ’ ಅನ್ನುತ್ತಾರೆ. ನಿನಗೇ ಅಂತ ಅವಳಿಗೆ ಯಾರೂ ಹೇಳಿರುವುದಿಲ್ಲ.

ನಂಜು, ಅಂದರೆ ಬಿಪಿ ಏರಿ ಫಿಟ್ಸ್ ಬರುವುದು, ಇದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕಳಿಸುವ ಮುಂಚೆ ಮ್ಯಾಗ್ನೀಸಿಯಂ ಸಲ್ಫೇಟ್ 10 ಗ್ರಾಂ, ಎರಡೂ ಕುಂಡಿಗೆ ಐದೈದು ಗ್ರಾಂ ಆಳವಾಗಿ ಚುಚ್ಚಿ ಕಳಿಸಬೇಕು. ಎಎನ್‌ಎಂಗೂ ಇದನ್ನು ಮಾಡಲು ಸರ್ಕಾರದ ಅನುಮತಿ ಇದೆ. ಸುಮ್ನೆ ಹಾಗೇ ಗಾಡಿ ಹತ್ತಿಸುವುದು ತಪ್ಪು.

ಸೂಲಗಿತ್ತಿ ವಿಷಯ. ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ಸತ್ಯ ಇದೆ, ಆ ಅರ್ಧವನ್ನು ಬಿಡಬೇಡಿ. ಪಾವಗಡದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥವರ ಕೈಗುಣಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಸೂಲಗಿತ್ತಿಯರಿಗೆ ಕಿಟ್ ಕೊಟ್ಟು, ತರಬೇತಿ ಕೊಟ್ಟು ದಶಕಗಟ್ಟಲೆ ನೋಡಿಯಾಗಿದೆ. ಸುಸೂತ್ರ ಹೆರಿಗೆಯನ್ನು ಅವರು ಚೆನ್ನಾಗೇ ಮಾಡಿಸಿದರು. ರಕ್ತ ನಿಲ್ಲದಾಗ, ಫಿಟ್ಸ್ ಬಂದಾಗ ಅವರ ಕೈಯಲ್ಲಿ ಔಷಧಿಯೂ ಇರಲಿಲ್ಲ, ರಕ್ತವೂ ಇರಲಿಲ್ಲ. ನಾವು ಕಳೆದುಕೊಂಡದ್ದು ಅವರ ಇನ್ನೊಂದು ಗುಣ: ಪಕ್ಕ ಕೂರುವುದು, ಬೆನ್ನು ತಿಕ್ಕುವುದು, ‘ಇನ್ನೇನು ಬಂತು ಮಗಳೇ’ ಅನ್ನುವುದು. ನಮ್ಮ ಆಸ್ಪತ್ರೆಗಳಲ್ಲಿ ಅದರ ಬದಲು ಕೂಗಾಟ, ಕೆಲವು ಕಡೆ ತೊಡೆಗೆ ಏಟು. ನಾನೂ ಚಿಕ್ಕವಳಿದ್ದಾಗ ಕೂಗಿದ್ದೇನೆ, ಹೇಳಲು ನಾಚಿಕೆಯಾಗುತ್ತದೆ. ಹೆರುವವಳ ಜೊತೆ ಒಬ್ಬ ಹೆಂಗಸು ಒಳಗಿರಲು ಸರ್ಕಾರವೇ ಒಪ್ಪಿದೆ. ನಿಮ್ಮೂರ ಸೂಲಗಿತ್ತಿ ಇನ್ನೂ ಗಟ್ಟಿಯಾಗಿದ್ದರೆ ಅವಳನ್ನೇ ಒಳಗೆ ಕೂರಿಸಿ. ಮಗುವನ್ನು ಸಿಸ್ಟರ್ ಹಿಡಿಯಲಿ, ತಾಯಿಯನ್ನು ಅವಳು ಹಿಡಿಯಲಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಊರಲ್ಲಿ ಸಣ್ಣ ಡಾಕ್ಟರ್ ಅಂತ ಓಡಾಡುವವರು ಮನೆಗೆ ಬಂದು ‘ಬ್ಯಾನಿ ಇಂಜೆಕ್ಷನ್’ ಹಾಕುತ್ತಾರಲ್ಲ, ಅದು ಇದೇ ಆಕ್ಸಿಟೋಸಿನ್. ಹುಟ್ಟಿದ ಮೇಲೆ ಜೀವ ಉಳಿಸುವ ಔಷಧಿ, ಹುಟ್ಟುವ ಮುಂಚೆ ಹೀಗೆ ಲೆಕ್ಕವಿಲ್ಲದೆ ಚುಚ್ಚಿದರೆ ಗರ್ಭಕೋಶ ಹರಿಯುತ್ತದೆ, ಮಗು ಉಸಿರುಕಟ್ಟುತ್ತದೆ. ಕೊಪ್ಪಳ ಜಿಲ್ಲೆಯ ತಾಯಂದಿರ ಸಾವುಗಳ ಬಗ್ಗೆ 2007ರಲ್ಲೇ ಬಂದ ಸಂಶೋಧನೆಯಲ್ಲೂ ಈ ಇಂಜೆಕ್ಷನ್ ಮಾತು ಇತ್ತು.

ಇನ್ನು ‘ಮಿಡ್‌ವೈಫ್’ ಅನ್ನುವ ಹುದ್ದೆ. ಎಎನ್‌ಎಂ ಅನ್ನುವುದರ ಕೊನೆಯ ಅಕ್ಷರವೇ ಮಿಡ್‌ವೈಫ್. 1973ರ ಕರ್ತಾರ್ ಸಿಂಗ್ ಸಮಿತಿ ಅವರನ್ನು ಎಲ್ಲ ಕೆಲಸಕ್ಕೂ ಒಬ್ಬರೇ ಅನ್ನುವ ಕಾರ್ಯಕರ್ತೆ ಮಾಡಿತು. ಲಸಿಕೆ, ಸರ್ವೆ, ಕುಟುಂಬ ಯೋಜನೆ ಗುರಿ, ಈಗ ಮೊಬೈಲ್ ಎಂಟ್ರಿ. ಹೆರಿಗೆ ಕೈ ಬಿಟ್ಟುಹೋಯಿತು. ಇದನ್ನು ಸರಿಪಡಿಸಲು 2018ರಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ತಂದಿತು. ಅನುಭವ ಇರುವ ನರ್ಸ್‌ಗೆ 18 ತಿಂಗಳ ತರಬೇತಿ ಕೊಟ್ಟು ಪೂರ್ಣ ಪ್ರಮಾಣದ ಮಿಡ್‌ವೈಫ್ ಮಾಡುವುದು, ತೊಂದರೆ ಇಲ್ಲದ ಹೆರಿಗೆಗಳನ್ನು ಅವರೇ ನಡೆಸುವ ಘಟಕ ತೆರೆಯುವುದು. ನನಗೆ ಇದರ ಮೇಲೆ ತುಂಬಾ ನಂಬಿಕೆ ಇದೆ. ಆದರೆ ಅವರು ಮೊದಲು ಬರುವುದು ಹೆರಿಗೆ ಜಾಸ್ತಿ ಇರುವ ದೊಡ್ಡ ಆಸ್ಪತ್ರೆಗಳಿಗೆ, ಅದೇ ಸರಿ ಕೂಡ. ನಿಮ್ಮ ಪ್ರಾಥಮಿಕ ಕೇಂದ್ರಕ್ಕೆ ಅಂಥವರನ್ನು ಕೇಳಬೇಡಿ. ಅವರಲ್ಲಿ ಒಬ್ಬರು ತಿಂಗಳಿಗೊಮ್ಮೆ ನಿಮ್ಮ ಕೇಂದ್ರಕ್ಕೆ ಬಂದು ಎರಡು ದಿನ ಇರಲಿ ಅಂತ ಕೇಳಿ. ಹಾಗೇ ನಿಮ್ಮ ಸಿಸ್ಟರ್ ಆರು ತಿಂಗಳಿಗೊಮ್ಮೆ ಒಂದು ವಾರ ಕೊಪ್ಪಳದ ದೊಡ್ಡ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ರಾತ್ರಿ ಪಾಳಿ ಮಾಡಲಿ. ರಾತ್ರಿ ಪಾಳಿನೇ ಆಗಬೇಕು, ಆಗ ವಿದ್ಯಾರ್ಥಿಗಳ ಗುಂಪು ಇರುವುದಿಲ್ಲ, ಕೈಗೆ ಕೆಲಸ ಸಿಗುತ್ತದೆ. ಕಲಿತು ಬಂದವಳನ್ನು ಮೂರು ವರ್ಷ ಆ ಕೋಣೆಯಿಂದ ಬೇರೆ ಕಡೆ ಹಾಕಬಾರದು. ಹೆರಿಗೆ ಕಲಿತವಳನ್ನು ಡ್ರೆಸ್ಸಿಂಗ್ ರೂಮಿಗೆ ಹಾಕಿದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಎಲ್ಲ ತಪ್ಪನ್ನೂ ಸಿಸ್ಟರ್ ತಲೆಗೆ ಕಟ್ಟಬೇಡಿ ಅಂತಲೂ ಹೇಳಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಎಷ್ಟೇ ಪಳಗಿದ ಕೈ ಇದ್ದರೂ ಬಾಟಲಿ ಒಳಗೆ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಅದನ್ನು ನೋಡಬೇಕಾದವರು ಬೇರೆ.

ಹೆರಿಗೆ ಕೋಣೆಗೆ ಬರುವ ಮುಂಚಿನದೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ಕರ್ನಾಟಕದ ಶೇ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಅದೇ ಸಮೀಕ್ಷೆಯಲ್ಲಿ ಗರ್ಭಿಣಿಯರ ಪೈಕಿ ಶೇ 45ರಷ್ಟು ಜನರಿಗೆ ರಕ್ತ ಕಡಿಮೆ. ಹಿಮೋಗ್ಲೋಬಿನ್ 11 ಇರುವವಳು ಅರ್ಧ ಲೀಟರ್ ಕಳೆದುಕೊಂಡರೆ ಎದ್ದು ಕೂರುತ್ತಾಳೆ. 6 ಇರುವವಳು ಅಷ್ಟಕ್ಕೇ ಕೈಬಿಟ್ಟು ಹೋಗುತ್ತಾಳೆ. ನಮ್ಮ ಕಡೆ ಗುಳೆ ಹೋದವರು ಏಳನೇ ತಿಂಗಳ ಕುಬಸಕ್ಕೆ ಊರಿಗೆ ಬರುತ್ತಾರೆ, ಇಲ್ಲವೇ ಒಂಬತ್ತು ತುಂಬಿದ ಮೇಲೆ ತವರಿಗೆ ಬರುತ್ತಾರೆ. ತಾಯಿ ಕಾರ್ಡ್ ಬೆಂಗಳೂರಲ್ಲೋ ಗೋವಾದಲ್ಲೋ ಉಳಿದಿರುತ್ತದೆ. ಆಗ ಕಬ್ಬಿಣದ ಮಾತ್ರೆ ಕೊಟ್ಟರೆ ಅದು ಕೆಲಸ ಮಾಡಲು ಸಮಯವೇ ಇರುವುದಿಲ್ಲ. ಅಂಥವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಬ್ಬಿಣಾಂಶದ ಡ್ರಿಪ್ ಹಾಕಿಸಬಹುದು. ಯಾರ ಮನೆಗೆ ಯಾವ ಮಗಳು ಬಂದಳು ಅಂತ ಆಶಾ ಕಾರ್ಯಕರ್ತೆಗಿಂತ ಮುಂಚೆ ಪಂಚಾಯಿತಿ ಸದಸ್ಯೆಗೆ ಗೊತ್ತಾಗುತ್ತದೆ. ಈ ಕೆಲಸ ನಿಮ್ಮದು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ, ಅಲ್ಲಿಗೆ ಕಳಿಸಿ.

ಮುಂದಿನ ಸಭೆಯಲ್ಲಿ ಏನು ಕೇಳಬೇಕು ಅಂದಿರಿ. ಆಕ್ಸಿಟೋಸಿನ್ ಯಾವ ಫ್ರಿಜ್‌ನಲ್ಲಿದೆ, ರಾತ್ರಿ ಅದರ ಬೀಗ ಯಾರ ಹತ್ತಿರ ಇರುತ್ತದೆ, ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಕೇಳಿ. ಹೋದ ಮೂರು ತಿಂಗಳಲ್ಲಿ ಕಳಿಸಿದವರ ಪಟ್ಟಿ ಕೇಳಿ. ಯಾಕೆ ಕಳಿಸಿದಿರಿ ಅಂತ ಗದರಬೇಡಿ. ಎಷ್ಟು ಸೆಂಟಿಮೀಟರ್ ಇದ್ದಾಗ ಕಳಿಸಿದಿರಿ, ಮೇಲಿನ ಆಸ್ಪತ್ರೆಯಲ್ಲಿ ಕೊನೆಗೆ ಏನಾಯಿತು ಅಂತ ಮಾತ್ರ ಬರೆಸಿ. ಕಳಿಸಿದವಳಿಗೆ ಅಲ್ಲಿ ಸಾದಾ ಹೆರಿಗೆಯೇ ಆಗಿದ್ದರೆ ಆ ಸುದ್ದಿ ಸಿಸ್ಟರ್‌ಗೆ ತಿಳಿಯಲಿ, ಅವಳ ಹೆದರಿಕೆ ತಾನಾಗೇ ಒಂದು ಪಟ್ಟು ಇಳಿಯುತ್ತದೆ. ಮೇಲಿನ ಆಸ್ಪತ್ರೆಯ ಹೆರಿಗೆ ಕೋಣೆಯ ನಂಬರ್ ಗೋಡೆ ಮೇಲೆ ಇರಲಿ, ಸರ್ಟಿಫಿಕೇಟ್ ಪಕ್ಕದಲ್ಲೇ. ಗಾಡಿ ಹತ್ತಿಸುವ ಮುಂಚೆ ಆ ನಂಬರ್‌ಗೆ ಒಂದು ಫೋನ್ ಹೋಗಲಿ, ಮತ್ತು ಇನ್ನೇನು ಹೆರಿಗೆ ಆಗುವ ಸ್ಥಿತಿಯಲ್ಲಿದ್ದರೆ ಸಿಸ್ಟರ್ ಕೂಡ ಗಾಡಿ ಹತ್ತಲಿ. ಅಳತೆ ಚೀಲ ಸಮಿತಿ ಹಣದಲ್ಲಿ ಕೊಳ್ಳಬಹುದಾ ಅಂತ ವೈದ್ಯಾಧಿಕಾರಿಯನ್ನು ಕೇಳಿ.

ಆ ಸಭೆಗೆ ಹೋಗುವಾಗ ಒಂದು ಹಳೆ ಕಾಟನ್ ಸೀರೆ, ಒಂದು ಲೀಟರ್ ನೀರಿನ ಬಾಟಲಿ, ಒಂದು ಚಿಟಿಕೆ ಕುಂಕುಮ ತಗೊಂಡು ಹೋಗಿ. ಇದು ನನ್ನ ಹಳೆಯ ಪಾಠ. ಕುಂಕುಮ ಕದಡಿದ ನೀರನ್ನು ಯಾರೂ ನೋಡದ ಹಾಗೆ ಮುಕ್ಕಾಲು ಬಾಟಲಿ ಸೀರೆ ಮೇಲೆ ಸುರಿಯಿರಿ. ಆಮೇಲೆ ಒಬ್ಬೊಬ್ಬರನ್ನೇ ಕರೆದು ‘ಎಷ್ಟಿದೆ?’ ಅಂತ ಕೇಳಿ. ಸಿಸ್ಟರ್, ಡಾಕ್ಟರ್, ಅಧ್ಯಕ್ಷರು, ಎಲ್ಲರನ್ನೂ ಕೇಳಿ. ನಾನು ಮಾಡಿಸಿದಾಗಲೆಲ್ಲ ಹೆಚ್ಚಿನವರು ಕಾಲು ಲೀಟರ್ ಅಂದಿದ್ದಾರೆ.